ಜೋಡಿ ತಪ್ಪಿದ ಟೈರುಗಳು: ಪಠ್ಯ, ಲೇಬಲ್ ಮತ್ತು ಕರಾರು

ಘರ್ಷಣೆಯ ಪಾಠಕ್ಕೆ ಬಂದಾಗ ಟೈರಿನ ಉದಾಹರಣೆ ಕೊಡದ ಶಿಕ್ಷಕರಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಉದಾಹರಣೆ ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಘರ್ಷಣೆ ಹೆಚ್ಚಲೆಂದು ಟೈರಿನ ಮೇಲ್ಮೈಯಲ್ಲಿ ತೋಡುಗಳನ್ನು ಮಾಡಿರುತ್ತಾರೆ ಎನ್ನುವುದು ಮೊದಲನೆಯದು. ಘರ್ಷಣಾಬಲ ಸಂಪರ್ಕ ಕ್ಷೇತ್ರವನ್ನು ಅವಲಂಬಿಸುವುದಿಲ್ಲ ಎನ್ನುವುದು ಎರಡನೆಯದು. ಕ್ಷೇತ್ರಕ್ಕೆ ಸಂಬಂಧವೇ ಇಲ್ಲದಿದ್ದರೆ ತೋಡು ಮಾಡಿ ಸಿಗುವುದಾದರೂ ಏನು ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ಅಂದಿನ ಪಾಠ ಸಾರ್ಥಕ. ದುರದೃಷ್ಟವಶಾತ್ ಹಾಗೆ ಕೇಳುವವರು ಕಡಿಮೆ. ಕೇಳಿದರೂ ಉತ್ತರ ಪುಸ್ತಕದಲ್ಲಿಲ್ಲ.

ಈ ಲೇಖನದಲ್ಲಿ ಟೈರಿನ ಬಗ್ಗೆ ಇರುವ ಮೂರು ಬರಹಗಳನ್ನು ನಿಮ್ಮ ಮುಂದಿಟ್ಟು ಪರಿಶೀಲಿಸುವ ಉದ್ದೇಶ ನನ್ನದು. ಮೊದಲನೆಯದು ನಮ್ಮ ಪಠ್ಯ. ಎರಡನೆಯದು ಟೈರಿನ ಮೇಲೆ ಅಂಟಿಸುವ ದರ್ಜೆಯ ಲೇಬಲ್. ಮೂರನೆಯದು ಯಾವ ವಿಜ್ಞಾನ ಗ್ರಂಥಾಲಯದಲ್ಲೂ ಸಿಗದ ಬರಹ: ಕಂಪನಿಗಳು ನೌಕರರಿಗೆ ಕೊಡುವ ಗುತ್ತಿಗೆ ಕಾರಿನ ಕರಾರಿನಲ್ಲಿರುವ, ಟೈರು ಬದಲಾಯಿಸುವ ಷರತ್ತು. ಮೂರನ್ನೂ ಬರೆದವರು ಬೇರೆ ಬೇರೆ ಜನ, ಉದ್ದೇಶಗಳೂ ಬೇರೆ. ಆದರೆ ಮೂರರಲ್ಲೂ ಇರುವ ದೋಷ ಒಂದೇ ಎಂದು ನನ್ನ ಆಕ್ಷೇಪ. ಟೈರೆಂದರೆ ಒಂದು ಒಂಟಿ ವಸ್ತು ಎಂದು ಮೂರೂ ಭಾವಿಸಿವೆ.

ಕರಾರಿನ ಷರತ್ತು ನನ್ನ ಕೈಗೆ ಬಂದದ್ದು ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನ ಕಂಪನಿ ಗುತ್ತಿಗೆಗೆ ಪಡೆದು ಅವನಿಗೆ ಕೊಟ್ಟಿರುವುದು ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ, ಬಲಶಾಲಿ ಎಂಜಿನ್ನಿನ ಕಾರು. ಟೈರಿನ ಅಳತೆ 225/40 ಆರ್ 18, 92 ವೈ. ಮುಂದಿನ ಎರಡು ಟೈರು ಸವೆದಾಗ ಗ್ಯಾರೇಜಿನವರು ಅಲ್ಲಿಗೆ ಹೆಸರಾಂತ ಕಂಪನಿಯ ಎರಡು ಹೊಸ ಟೈರು ಹಾಕಿದರು. ಹಿಂದೆ ಇದ್ದವು ಇನ್ನೊಂದು ಕಂಪನಿಯವು. ಅವುಗಳ ಟ್ರೆಡ್, ಅಂದರೆ ನಮ್ಮ ಅಂಗಡಿಯವರು ಬಟನ್ ಎನ್ನುವ ಭಾಗ, 3 ಮಿ.ಮೀ. ಉಳಿದಿತ್ತು. ಕರಾರಿನ ಪ್ರಕಾರ ಟ್ರೆಡ್ 2 ಮಿ.ಮೀ.ಗೆ ಇಳಿಯುವವರೆಗೆ ಹೊಸ ಟೈರಿಗೆ ಅನುಮತಿ ಇಲ್ಲ. ಅವನು ಬರೆದದ್ದು ಹೀಗೆ: "ಸರ್, ಕಾನೂನಿನ ಪ್ರಕಾರ ಎಲ್ಲ ಸರಿ ಇದೆ, ಲೇಬಲ್ ಪ್ರಕಾರವೂ ಸರಿ ಇದೆ. ಒಣ ರಸ್ತೆಯಲ್ಲಿ ಕಾರು ಬಂಡೆಯ ಹಾಗೆ ನಿಲ್ಲುತ್ತದೆ. ಮಳೆ ಬಂದರೆ ಮಾತ್ರ ತಿರುವಿನಲ್ಲಿ ಬಾಲ ಅಲ್ಲಾಡುತ್ತದೆ. ಯಾಕೆ?"

ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಒಣ ರಸ್ತೆ, ಮಳೆ ಎಂಬ ಭೇದವನ್ನು ಅವನು ಗುರುತಿಸಿದ್ದಾನೆ. ನಮ್ಮ ಪಠ್ಯ ಅಷ್ಟನ್ನೂ ಗುರುತಿಸಿಲ್ಲ.

ತೋಡಿನ ಕೆಲಸ

ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ತೋಡು ಘರ್ಷಣೆ ಹೆಚ್ಚಿಸುತ್ತದೆ ಎನ್ನುವುದು ನಿಜವಾಗಿದ್ದರೆ, ಎಲ್ಲಕ್ಕಿಂತ ಹೆಚ್ಚು ಹಿಡಿತ ಬೇಕಾದ ರೇಸು ಕಾರುಗಳ ಟೈರಿನಲ್ಲಿ ತೋಡುಗಳು ತುಂಬಿರಬೇಕಿತ್ತು. ನಡೆದದ್ದು ತದ್ವಿರುದ್ಧ. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ತಿರುವುಗಳ ವೇಗ ಅತಿಯಾಯಿತೆಂದು, ಹಿಡಿತವನ್ನು ಕಡಿಮೆ ಮಾಡುವ ಉದ್ದೇಶದಿಂದಲೇ 1998ರಲ್ಲಿ ಟೈರಿಗೆ ತೋಡುಗಳನ್ನು ಕಡ್ಡಾಯ ಮಾಡಿದರು. 2009ರಲ್ಲಿ ಆ ನಿಯಮ ತೆಗೆದಾಗ ಮತ್ತೆ ನುಣುಪು ಟೈರುಗಳು ಬಂದವು. ಒಣ ರಸ್ತೆಯಲ್ಲಿ ತೋಡೆಂದರೆ ರಬ್ಬರ್ ಇಲ್ಲದ ಜಾಗ, ಅಷ್ಟೇ. ತೋಡು ಇರುವುದು ನೀರಿಗಾಗಿ.

ಎಷ್ಟು ನೀರು? ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರು. ಟೈರಿನ ಅಗಲ 225 ಮಿ.ಮೀ. ರಸ್ತೆಯ ಮೇಲೆ 2 ಮಿ.ಮೀ. ನೀರು ನಿಂತಿದೆ ಎನ್ನಿ. ಮೂರನ್ನೂ ಗುಣಿಸಿದರೆ ಒಂದು ಟೈರು ಸೆಕೆಂಡಿಗೆ ಸುಮಾರು 11 ಲೀಟರ್ ನೀರನ್ನು ತನ್ನ ದಾರಿಯಿಂದ ಪಕ್ಕಕ್ಕೆ ಸರಿಸಬೇಕು. ಪ್ರತಿ ಸೆಕೆಂಡಿಗೆ ಒಂದು ಬಿಂದಿಗೆ! ಈ ನೀರು ಹೊರಡಲು ದಾರಿ ಇಲ್ಲದಿದ್ದರೆ ಅದು ಟೈರಿನ ಮುಂಭಾಗದಲ್ಲಿ ಬೆಣೆಯಂತೆ ಸಿಕ್ಕಿಕೊಂಡು ಟೈರನ್ನು ಮೇಲಕ್ಕೆತ್ತುತ್ತದೆ.

ಇದರ ವೇಗವನ್ನು ಪಿಯು ವಿದ್ಯಾರ್ಥಿಯೇ ಲೆಕ್ಕ ಹಾಕಬಹುದು. ಟೈರಿನ ಮೇಲಿನ ಭಾರ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡ ಗುಣಿಸು ಸಂಪರ್ಕ ಕ್ಷೇತ್ರ. ನೀರು ಎತ್ತುವ ಬಲ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ ಗುಣಿಸು ಅದೇ ಕ್ಷೇತ್ರ, ಜೊತೆಗೆ ಸುಮಾರು 0.7ರ ಒಂದು ಗುಣಾಂಕ. ಎರಡನ್ನೂ ಸಮೀಕರಿಸಿದರೆ ಕ್ಷೇತ್ರ ಹೊಡೆದುಹೋಗುತ್ತದೆ. ಪಂಕ್ಚರ್ ಅಂಗಡಿಯವರು "32 ಹಿಡಿಸಲಾ?" ಎಂದು ಕೇಳುತ್ತಾರಲ್ಲ, ಆ 32 ಪೌಂಡ್ ಒತ್ತಡ ಎಂದರೆ 220 ಕಿಲೋಪ್ಯಾಸ್ಕಲ್. ಅದನ್ನು ಹಾಕಿ ನೋಡಿ: ವೇಗ ಸೆಕೆಂಡಿಗೆ 25 ಮೀಟರು, ಗಂಟೆಗೆ 90 ಕಿ.ಮೀ. ವೇಗವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ಈ ಸಂಬಂಧವನ್ನು ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ 1963ರಲ್ಲಿ ಪ್ರಕಟಿಸಿದರು. ಅವರ ಚಿಂತೆ ಇದ್ದದ್ದು ಒದ್ದೆ ರನ್‌ವೇ ಮೇಲೆ ಇಳಿಯುವ ವಿಮಾನಗಳ ಟೈರಿನ ಬಗ್ಗೆ.

ಗಮನಿಸಬೇಕಾದ ಮಾತು ಒಂದಿದೆ. ಈ ಸೂತ್ರ ತೋಡಿನ ಆಳಕ್ಕಿಂತ ನೀರು ಹೆಚ್ಚಿದ್ದಾಗಿನದು. ತೋಡು ಆಳವಾಗಿದ್ದು ನೀರು ಅದರಲ್ಲಿ ಹರಿದುಹೋಗುವಷ್ಟು ಹೊತ್ತು ಟೈರು ರಸ್ತೆ ಬಿಡುವುದಿಲ್ಲ. 8 ಮಿ.ಮೀ. ತೋಡಿನ ಟೈರಿಗೂ 3 ಮಿ.ಮೀ. ತೋಡಿನ ಟೈರಿಗೂ ಇರುವ ವ್ಯತ್ಯಾಸ ಇಲ್ಲಿ. ನೇರ ದಾರಿಯಲ್ಲಿ ಮುಂದಿನ ಚಕ್ರ ಹಿಂದಿನದಕ್ಕೆ ಸ್ವಲ್ಪ ನೀರು ಒರೆಸಿಕೊಡುತ್ತದೆ. ತಿರುವಿನಲ್ಲಿ ಎರಡರ ಜಾಡೂ ಬೇರೆಯಾಗುವುದರಿಂದ ಆ ಉಪಕಾರವೂ ಪೂರ್ತಿ ಸಿಗದು.

ಎರಡನೆಯ ವಾಕ್ಯ, ಅಂದರೆ ಕ್ಷೇತ್ರಕ್ಕೆ ಸಂಬಂಧವಿಲ್ಲ ಎನ್ನುವುದು, ಆಮಾಂಟಾನ್ 1699ರಲ್ಲಿ ಫ್ರೆಂಚ್ ಅಕಾಡೆಮಿಯ ಮುಂದಿಟ್ಟ ನಿಯಮ. ಲೋಹ, ಮರಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ರಬ್ಬರ್ ಆ ನಿಯಮಕ್ಕೆ ವಿಧೇಯನಲ್ಲ. ಒತ್ತಡ ಹೆಚ್ಚಿದಂತೆ ರಬ್ಬರಿನ ಘರ್ಷಣ ಗುಣಾಂಕ ಕಡಿಮೆಯಾಗುತ್ತದೆ, ಆದ್ದರಿಂದ ಅದೇ ಭಾರವನ್ನು ಅಗಲವಾಗಿ ಹರಡಿದರೆ ಲಾಭ. ಗುಣಾಂಕ ಉಷ್ಣತೆಯ ಜೊತೆಗೂ, ಜಾರುವ ವೇಗದ ಜೊತೆಗೂ ಬದಲಾಗುತ್ತದೆ. 1963ರಲ್ಲೇ ಗ್ರಾಷ್ ಎಂಬ ವಿಜ್ಞಾನಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಎರಡು ಬದಲಾವಣೆಗಳೂ ರಬ್ಬರಿನ ಒಂದೇ ಗುಣದ ಎರಡು ಮುಖಗಳೆಂದು ತೋರಿಸಿದವು. ರಬ್ಬರ್ ಸ್ಥಿತಿಸ್ಥಾಪಕವೂ ಹೌದು, ಸ್ನಿಗ್ಧವೂ ಹೌದು. ರಸ್ತೆಯ ಸಣ್ಣ ಕಲ್ಲುಗಳು ಅದನ್ನು ಅದುಮಿ ಬಿಡುವಾಗ ಕೊಟ್ಟ ಶಕ್ತಿಯಷ್ಟೂ ಹಿಂದಕ್ಕೆ ಬರುವುದಿಲ್ಲ. ಒಂದು ಪಾಲು ಉಷ್ಣವಾಗಿ ಹೋಗುತ್ತದೆ. ಆ ನಷ್ಟವೇ ಹಿಡಿತದ ಒಂದು ದೊಡ್ಡ ಭಾಗ. ನಮ್ಮ ಪುಸ್ತಕದ ಕೋಷ್ಟಕದಲ್ಲಿ ರಬ್ಬರ್ ಮತ್ತು ಕಾಂಕ್ರೀಟಿಗೆ ಎದುರಾಗಿ ಒಂದೇ ಒಂದು ಅಂಕಿ ಇದ್ದರೆ, ಯಾವ ರಬ್ಬರ್, ಎಷ್ಟು ಉಷ್ಣತೆ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ಎರಡು ಕಂಪನಿಗಳ ಟೈರು ಎಂದರೆ ಎರಡು ಬಗೆಯ ರಬ್ಬರ್ ಪಾಕ. ಒಂದೇ ಕಾರಿನಲ್ಲಿ, ಒಂದೇ ಬೆಳಿಗ್ಗೆ, ಅವು ಬೇರೆ ಬೇರೆ ಉಷ್ಣತೆಯಲ್ಲಿ ತಮ್ಮ ಉತ್ತಮ ಹಿಡಿತಕ್ಕೆ ಬರಬಹುದು.

ಲೇಬಲ್ ಹೇಳುವುದು, ಹೇಳದಿರುವುದು

ಯುರೋಪಿನಲ್ಲಿ 2012ರ ನವೆಂಬರ್ 1ರಿಂದ ಹೊಸ ಟೈರುಗಳಿಗೆ ದರ್ಜೆಯ ಲೇಬಲ್ ಕಡ್ಡಾಯವಾಯಿತು. ಆಗ ಬ್ರಿಟನ್ನೂ ಅದರೊಳಗಿತ್ತು. ಐರೋಪ್ಯ ಒಕ್ಕೂಟ 2021ರ ಮೇ 1ರಿಂದ ಲೇಬಲ್ಲಿನ ರೂಪ ಬದಲಿಸಿತು. ಅದರಲ್ಲಿರುವ ಮುಖ್ಯ ಮಾಹಿತಿ ಮೂರು: ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಹೊರಗೆ ಕೇಳುವ ಶಬ್ದ. ಫ್ರಿಜ್ಜಿನ ಮೇಲಿನ ನಕ್ಷತ್ರಗಳಂತೆ ಇದೂ ಗ್ರಾಹಕರಿಗೆ ಒಂದು ಉಪಕಾರವೇ. ಉರುಳು ಪ್ರತಿರೋಧ ತಗ್ಗಬೇಕಾದರೆ ರಬ್ಬರಿನಲ್ಲಿ ಶಕ್ತಿನಷ್ಟ ಕಡಿಮೆಯಾಗಬೇಕು, ಹಿಡಿತ ಹೆಚ್ಚಬೇಕಾದರೆ ಅದೇ ನಷ್ಟ ಹೆಚ್ಚಬೇಕು. ಈ ಎರಡನ್ನೂ ಒಂದೇ ಟೈರಿನಲ್ಲಿ ಸಾಧಿಸಿದ್ದು ಪಾಲಿಮರ್ ವಿಜ್ಞಾನದ ದೊಡ್ಡ ಗೆಲುವು. ಚಕ್ರ ಉರುಳುವಾಗ ರಬ್ಬರ್ ಸೆಕೆಂಡಿಗೆ ಹತ್ತಾರು ಬಾರಿ ಮಡಚಿಕೊಳ್ಳುತ್ತದೆ, ರಸ್ತೆಯ ಕಲ್ಲುಗಳ ಮೇಲೆ ಜಾರುವಾಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಆವೃತ್ತಿಯಲ್ಲಿ. ಒಂದು ಆವೃತ್ತಿಯಲ್ಲಿ ಕಡಿಮೆ ನಷ್ಟ, ಇನ್ನೊಂದರಲ್ಲಿ ಹೆಚ್ಚು ನಷ್ಟ ಇರುವ ಪಾಕವನ್ನು ಇಂಗಾಲದ ಮಸಿಯ ಬದಲು ಸಿಲಿಕಾ ಬೆರೆಸಿ ಮಾಡಿದರು. 1992ರಲ್ಲಿ ಮಿಶೆಲಿನ್ ಕಂಪನಿ ಇಂಥ ಟೈರನ್ನು ಮಾರುಕಟ್ಟೆಗೆ ತಂದಿತು. ತರಗತಿಯಲ್ಲಿ ಅನುರಣನ, ಅವಮಂದನ ಹೇಳುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟು ಹೊಗಳಿದ ಮೇಲೆ ಆಕ್ಷೇಪ. ಒದ್ದೆ ಹಿಡಿತದ ದರ್ಜೆ ಬರುವುದು ಹೇಗೆ? ಅರ್ಧದಿಂದ ಒಂದೂವರೆ ಮಿ.ಮೀ. ನೀರಿರುವ ನೇರ ದಾರಿಯಲ್ಲಿ, ಗಂಟೆಗೆ 80 ಕಿ.ಮೀ.ನಿಂದ 20 ಕಿ.ಮೀ.ಗೆ ಬ್ರೇಕ್ ಹಾಕಿ, ಒಂದು ಪ್ರಮಾಣಿತ ಟೈರಿನೊಂದಿಗೆ ಹೋಲಿಸಿ. ಲೇಬಲ್ಲಿಗಾಗಿ ಪರೀಕ್ಷಿಸುವುದು ಹೊಸ ಟೈರನ್ನು. ನೀರಿನ ಮೇಲೆ ತೇಲುವ ವೇಗದ ಬಗ್ಗೆ ಲೇಬಲ್ಲಿನಲ್ಲಿ ಒಂದು ಅಕ್ಷರವೂ ಇಲ್ಲ. ತಿರುವಿನಲ್ಲಿ ಪಕ್ಕಕ್ಕೆ ಎಷ್ಟು ಬಲ ಕೊಡುತ್ತದೆ ಎನ್ನುವುದೂ ಇಲ್ಲ. ಸವೆದ ಟೈರಿನ ವಿಚಾರ ಬಹಳ ತಡವಾಗಿ ಬಂತು: ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸ ಮಾದರಿಯ ಕಾರು ಟೈರುಗಳು ಸವೆದ ಸ್ಥಿತಿಯಲ್ಲೂ ಒದ್ದೆ ಹಿಡಿತದ ಕನಿಷ್ಠ ಮಿತಿಯನ್ನು ದಾಟಬೇಕು. ಅದು ಮಾರಾಟಕ್ಕೆ ಅನುಮತಿ ಪಡೆಯುವ ಪರೀಕ್ಷೆ, ಲೇಬಲ್ಲಿನ ದರ್ಜೆಯಲ್ಲ.

ಹೀಗಾಗಿ ಮುಂದೆ ಒಂದು 'ಎ' ದರ್ಜೆ, ಹಿಂದೆ ಇನ್ನೊಂದು 'ಎ' ದರ್ಜೆ ಎಂದರೆ ಹೊಂದಾಣಿಕೆ ಇದೆ ಎಂದರ್ಥವಲ್ಲ. ಇಬ್ಬರು ಗಾಯಕರು ಒಬ್ಬೊಬ್ಬರೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಜುಗಲ್‌ಬಂದಿ ಚೆನ್ನಾಗಿರುತ್ತದೆ ಎಂಬ ಖಾತರಿ ಇದೆಯೇ?

ನಾಲ್ಕು ಚಕ್ರಗಳ ಲೆಕ್ಕ

ಹೊಂದಾಣಿಕೆ ಒಂದು ಟೈರಿನ ಗುಣವಲ್ಲ. ಇದನ್ನು ತೋರಿಸಲು ಬೇಕಾಗುವುದು ಟಾರ್ಕಿನ ಕಲ್ಪನೆ ಮಾತ್ರ.

ಕಾರು ನೇರ ಹೋಗುತ್ತಿದೆ. ಗಾಳಿಯೋ, ರಸ್ತೆಯ ಉಬ್ಬೋ ಕಾರಿನ ಮೂತಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿತು ಎನ್ನಿ. ಕಾರಿನ ವೇಗದ ದಿಕ್ಕು ಇನ್ನೂ ಹಿಂದಿನದೇ. ನಾಲ್ಕೂ ಚಕ್ರಗಳು ಮಾತ್ರ ಆ ದಿಕ್ಕಿಗೆ ಸಣ್ಣ ಕೋನದಲ್ಲಿ ಎಡಕ್ಕೆ ನೋಡುತ್ತಿವೆ. ಟೈರು ತಾನು ನೋಡುವ ಕಡೆಗೆ ಕಾರನ್ನು ತಳ್ಳುತ್ತದೆ. ಕೋನ ಸಣ್ಣದಿದ್ದಾಗ ಈ ಬಲ ಕೋನಕ್ಕೆ ಅನುಪಾತದಲ್ಲಿರುತ್ತದೆ. ಆ ಅನುಪಾತದ ಸ್ಥಿರಾಂಕವನ್ನು ಇಂಜಿನಿಯರುಗಳು ಕಾರ್ನರಿಂಗ್ ಸ್ಟಿಫ್‌ನೆಸ್ ಎನ್ನುತ್ತಾರೆ, ನಾವು ಪಾರ್ಶ್ವ ಬಿಗಿತ ಎನ್ನೋಣ. ಮುಂದಿನ ಚಕ್ರಗಳ ಮೇಲಿನ ಎಡಬಲ ಮೂತಿಯನ್ನು ಇನ್ನೂ ಎಡಕ್ಕೆ ತಿರುಗಿಸುತ್ತದೆ. ಹಿಂದಿನ ಚಕ್ರಗಳ ಮೇಲಿನ ಎಡಬಲ ಬಾಲವನ್ನು ಎಡಕ್ಕೆ ತಳ್ಳಿ ಮೂತಿಯನ್ನು ನೇರಕ್ಕೆ ತರುತ್ತದೆ. ಅಂದರೆ ಮುಂದಿನ ಟೈರು ತಪ್ಪನ್ನು ಬೆಳೆಸುತ್ತದೆ, ಹಿಂದಿನದು ತಿದ್ದುತ್ತದೆ. ಬಾಣದ ಹಿಂಬದಿಗೆ ಗರಿ ಕಟ್ಟುವುದು ಇದೇ ಕಾರಣಕ್ಕೆ.

ಹಿಂದಿನ ಬಿಗಿತವನ್ನು ದ್ರವ್ಯರಾಶಿ ಕೇಂದ್ರದಿಂದ ಹಿಂದಿನ ಅಚ್ಚಿಗಿರುವ ದೂರದಿಂದ ಗುಣಿಸಿ, ಮುಂದಿನದನ್ನೂ ಹಾಗೆಯೇ. ಹಿಂದಿನ ಗುಣಲಬ್ಧ ದೊಡ್ಡದಾಗಿದ್ದರೆ ಕಾರು ಎಲ್ಲ ವೇಗದಲ್ಲೂ ಸ್ಥಿರ. ಚಿಕ್ಕದಾಗಿದ್ದರೆ ಒಂದು ಸಂಧಿವೇಗದ ಮೇಲೆ ಅಸ್ಥಿರ. ಅಳತೆ ಮಾಡಿದ ಕಾರಿನದಲ್ಲ, ಅಭ್ಯಾಸಕ್ಕೆಂದು ತೆಗೆದುಕೊಂಡ ಅಂಕಿಗಳು ಇವು: ರಾಶಿ 1500 ಕಿ.ಗ್ರಾಂ., ಮುಂದಿನ ಅಚ್ಚಿಗೆ 1.1 ಮೀ., ಹಿಂದಿನ ಅಚ್ಚಿಗೆ 1.5 ಮೀ. ಮುಂದಿನ ಜೋಡಿಯ ಬಿಗಿತ ರೇಡಿಯನ್ನಿಗೆ 1,00,000 ನ್ಯೂಟನ್, ಹಿಂದಿನದು 90,000. ಗುಣಲಬ್ಧಗಳು 1,10,000 ಮತ್ತು 1,35,000. ಕಾರು ಸ್ಥಿರ. ಈಗ ಮಳೆಯಲ್ಲಿ ಸವೆದ ಹಿಂದಿನ ಜೋಡಿಯ ಬಿಗಿತ 50,000ಕ್ಕೆ ಇಳಿಯಿತು ಎನ್ನಿ, ಮುಂದಿನ ಹೊಸ ಜೋಡಿ ಹಾಗೆಯೇ ಉಳಿಯಿತು. ಹಿಂದಿನ ಗುಣಲಬ್ಧ 75,000. ಸಂಧಿವೇಗದ ವರ್ಗವೆಂದರೆ ಎರಡು ಬಿಗಿತಗಳ ಗುಣಲಬ್ಧವನ್ನು ಅಚ್ಚುಗಳ ನಡುವಿನ ದೂರದ ವರ್ಗದಿಂದ ಗುಣಿಸಿ, ರಾಶಿಯಿಂದಲೂ ಮೇಲಿನ ಎರಡು ಗುಣಲಬ್ಧಗಳ ವ್ಯತ್ಯಾಸದಿಂದಲೂ ಭಾಗಿಸಿದ್ದು. ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 25 ಮೀಟರು, ಗಂಟೆಗೆ 91 ಕಿ.ಮೀ. ಬ್ರಿಟನ್ನಿನ ಹೆದ್ದಾರಿಯ ವೇಗಮಿತಿ 70 ಮೈಲಿ, ಅಂದರೆ 112 ಕಿ.ಮೀ. ಕಾನೂನು ಮೀರದೆಯೇ ಆ ಕಾರು ಅಸ್ಥಿರ ವಲಯದಲ್ಲಿರುತ್ತದೆ.

ನನ್ನ ವಿದ್ಯಾರ್ಥಿಗೆ ಒಣ ರಸ್ತೆಯಲ್ಲಿ ಏನೂ ಅನ್ನಿಸದಿದ್ದದ್ದಕ್ಕೂ ಕಾರಣ ಇಲ್ಲೇ ಇದೆ. ಒಣಗಿದ್ದಾಗ ಸವೆದ ಟೈರಿನ ಪಾರ್ಶ್ವ ಬಿಗಿತ ಹೊಸದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಹೊಸ ಟೈರಿನ ಎತ್ತರದ ರಬ್ಬರ್ ಗಟ್ಟಿಗಳು ಬಳುಕುತ್ತವೆ, ಸವೆದ ಗಿಡ್ಡ ಗಟ್ಟಿಗಳು ಬಳುಕುವುದಿಲ್ಲ. ಹಿಂದೆ ಸವೆದ ಟೈರಿರುವ ಕಾರು ಬಿಸಿಲಿನಲ್ಲಿ ಹೆಚ್ಚು ಸ್ಥಿರ, ಮಳೆಯಲ್ಲಿ ಕಡಿಮೆ. ಬಿಸಿಲಿನ ದಿನ ಓಡಿಸಿ ನೋಡಿ ಸರಿಯಾಗಿದೆ ಎಂದು ಸಹಿ ಹಾಕಿದ ಗ್ಯಾರೇಜಿನವರು ಸುಳ್ಳು ಹೇಳಿರಲಿಲ್ಲ.

ಎರಡೇ ಹೊಸ ಟೈರು ಕೊಳ್ಳುವುದಾದರೆ ಅವನ್ನು ಹಿಂದಕ್ಕೆ ಹಾಕಿ ಎಂದು ಮಿಶೆಲಿನ್ ಸೇರಿದಂತೆ ಹಲವು ಟೈರು ತಯಾರಕರು ಹೇಳುವುದು ಈ ಕಾರಣದಿಂದ. ನಮ್ಮಲ್ಲಿ ಅನೇಕ ಚಾಲಕರಿಗೆ ಇದು ಒಪ್ಪಿಗೆಯಾಗುವುದಿಲ್ಲ. ಸ್ಟಿಯರಿಂಗ್ ಮುಂದೆ, ಬ್ರೇಕಿನ ಹೆಚ್ಚು ಭಾರ ಮುಂದೆ, ಒಳ್ಳೆಯ ಟೈರೂ ಮುಂದೆ ಇರಲಿ ಎನ್ನುತ್ತಾರೆ. ವಾದದಲ್ಲಿ ಹುರುಳಿದೆ, ಮುಂದೆ ಸವೆದ ಟೈರಿದ್ದರೆ ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಹೆಚ್ಚುವುದು ನಿಜ. ಆದರೆ ಮುಂದಿನ ಹಿಡಿತ ಮೊದಲು ಹೋದರೆ ಕಾರು ತಿರುಗದೆ ನೇರ ಸಾಗುತ್ತದೆ, ಚಾಲಕ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಹಿಡಿತ ಮರಳುವ ಸಾಧ್ಯತೆ ಇದೆ. ಹಿಂದಿನದು ಮೊದಲು ಹೋದರೆ ಕಾರು ಬುಗುರಿಯಾಗುತ್ತದೆ, ಅದೇ ಕಾಲು ತೆಗೆಯುವ ಕ್ರಿಯೆ ಭಾರವನ್ನು ಮುಂದಕ್ಕೆ ಸರಿಸಿ ಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ.

ಈ ಭೌತಶಾಸ್ತ್ರ ಒಂದು ಕಡೆ ಕಾನೂನಿನೊಳಗೂ ಸೇರಿದೆ ಎನ್ನುವುದು ನಿಮಗೆ ಆಶ್ಚರ್ಯ ತರಬಹುದು. ಬ್ರಿಟನ್ನಿನ 1986ರ ವಾಹನ ರಚನೆ ಮತ್ತು ಬಳಕೆ ನಿಯಮಗಳ ಪ್ರಕಾರ ಕಾರಿನ ಮುಂದೆ ರೇಡಿಯಲ್ ಟೈರು, ಹಿಂದೆ ಹಳೆಯ ಕ್ರಾಸ್‌ಪ್ಲೈ ಟೈರು ಹಾಕುವುದು ಅಪರಾಧ. ಅದನ್ನೇ ತಿರುವುಮುರುವು ಮಾಡಿದರೆ ಅಪರಾಧವಲ್ಲ! ರೇಡಿಯಲ್ಲಿನ ಪಾರ್ಶ್ವ ಬಿಗಿತ ಹೆಚ್ಚು. ಅದು ಹಿಂದೆ ಇರಲಿ ಎಂಬುದು ನಾವು ಈಗ ಮಾಡಿದ ಲೆಕ್ಕವೇ. ಟೈರನ್ನು ಒಂಟಿಯಾಗಿ ನೋಡದೆ ಜೋಡಿಗಳ ಸಂಬಂಧವಾಗಿ ನೋಡಿದ ನಿಯಮ ಇದು. ರೇಡಿಯಲ್ ಮತ್ತು ರೇಡಿಯಲ್ ನಡುವೆಯೂ ಅದೇ ಬಗೆಯ ಅಂತರ ಇರಬಹುದು ಎಂಬಲ್ಲಿಗೆ ನಿಯಮ ಬೆಳೆಯಲಿಲ್ಲ. ಕಾರು ತಯಾರಕರಲ್ಲಿ ಕೆಲವರು ಬೆಳೆದಿದ್ದಾರೆ: ಪೋರ್ಶೆ ತಾನು ಪರೀಕ್ಷಿಸಿ ಒಪ್ಪಿದ ಟೈರಿನ ಪಕ್ಕೆಯಲ್ಲಿ 'ಎನ್' ಗುರುತನ್ನೂ ಬಿಎಂಡಬ್ಲ್ಯು ನಕ್ಷತ್ರದ ಗುರುತನ್ನೂ ಹಾಕಿಸುತ್ತವೆ.

ಎಂಟು ಸುತ್ತುಗಳ ಜಗಳ

ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಕಾರಿನಲ್ಲಿ ಇನ್ನೊಂದು ತಾಪತ್ರಯವಿದೆ. 225/40 ಆರ್ 18 ಟೈರಿನ ವ್ಯಾಸ ಲೆಕ್ಕ ಹಾಕೋಣ. ರಿಮ್ 18 ಅಂಗುಲ, ಅಂದರೆ 457.2 ಮಿ.ಮೀ. ಪಕ್ಕೆಯ ಎತ್ತರ 225ರ ಶೇಕಡಾ 40, ಅಂದರೆ 90. ಮೇಲೆ ಕೆಳಗೆ ಎರಡು ಸೇರಿ 180. ಒಟ್ಟು ವ್ಯಾಸ 637.2, ಪರಿಧಿ 2 ಮೀಟರು. ಒಂದು ಕಿ.ಮೀ.ಗೆ 500 ಸುತ್ತು. ತ್ರಿಜ್ಯ 5 ಮಿ.ಮೀ. ಸವೆದಾಗ ಪರಿಧಿ 1.97 ಮೀಟರಿಗೆ ಇಳಿದು ಸುತ್ತುಗಳು ಸುಮಾರು 508 ಆಗುತ್ತವೆ. ಟೈರು ಭಾರಕ್ಕೆ ಚಪ್ಪಟೆಯಾಗುವುದರಿಂದಲೂ ಒಳಗಿನ ಉಕ್ಕಿನ ಪಟ್ಟಿ ಹಿಗ್ಗದಿರುವುದರಿಂದಲೂ ನಿಜವಾದ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಇದನ್ನು ಮೇಲ್ಮಿತಿ ಎನ್ನಿ.

ಎರಡೇ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಯಾಂತ್ರಿಕ ಸಂಬಂಧವಿಲ್ಲ. ಎಂಟು ಸುತ್ತಿನ ವ್ಯತ್ಯಾಸ ಯಾರಿಗೂ ಹೊರೆಯಲ್ಲ. ನಾಲ್ಕು ಚಕ್ರದ ಚಾಲನೆಯಲ್ಲಿ ಎರಡೂ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಅಥವಾ ಕ್ಲಚ್ ಇರುತ್ತದೆ. ತಿರುವಿನಲ್ಲಿ ಕ್ಷಣಕಾಲ ಬರುವ ವ್ಯತ್ಯಾಸವನ್ನು ಅದು ತಾಳಿಕೊಳ್ಳುತ್ತದೆ. ನೇರ ದಾರಿಯಲ್ಲೂ ಬಿಡದೆ, ಕ್ಲಚ್ ಬಿಗಿದಿರುವಷ್ಟು ಹೊತ್ತೂ ಕಿ.ಮೀ.ಗೆ ಎಂಟು ಸುತ್ತು ಜಾರಬೇಕೆಂದರೆ ಅದು ಬಿಸಿಯಾಗುತ್ತದೆ, ಸವೆಯುತ್ತದೆ. ಎಷ್ಟು ಎನ್ನುವುದು ಕಾರಿನ ವ್ಯವಸ್ಥೆಯನ್ನು ಅವಲಂಬಿಸಿದೆ. ಸುಬಾರು ಕಂಪನಿ ತನ್ನ ಇಂಥ ಕಾರುಗಳಲ್ಲಿ ನಾಲ್ಕು ಟೈರುಗಳ ಪರಿಧಿ ಕಾಲು ಅಂಗುಲದೊಳಗೆ ಹೊಂದಬೇಕೆನ್ನುತ್ತದೆ. ತ್ರಿಜ್ಯದಲ್ಲಿ ಅದು ಕೇವಲ 1 ಮಿ.ಮೀ. ನಾವು ನೋಡುತ್ತಿರುವ ಕಾರಿನಲ್ಲಿ ಅಂತರ 5 ಮಿ.ಮೀ. ಇಂಥ ಕಾರಿಗೆ ಎರಡನ್ನು ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ ಎಂಬ ಪ್ರಶ್ನೆಯೇ ಏಳಬಾರದು. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು.

ಕರಾರಿನ ವಿಮರ್ಶೆ ಚಿಕ್ಕದು. ಆ ಷರತ್ತು ಹೇಳುವುದು ಅಳತೆ, ಭಾರಸೂಚಿ, ವೇಗಸೂಚಿ ಹೊಂದಬೇಕು ಎಂದು. 92 ಎಂದರೆ 630 ಕಿ.ಗ್ರಾಂ., ವೈ ಎಂದರೆ 300 ಕಿ.ಮೀ. ಇವು ಟೈರು ಒಡೆಯದಿರಲು ಬೇಕಾದ ಷರತ್ತುಗಳು, ನಾಲ್ಕು ಟೈರು ಒಂದಾಗಿ ವರ್ತಿಸಲು ಸಾಲುವುದಿಲ್ಲ. ಬ್ರಿಟನ್ನಿನ ಕಾನೂನಿನ ಮಿತಿ 1.6 ಮಿ.ಮೀ., ಅದೂ ಟ್ರೆಡ್ಡಿನ ನಡುವಿನ ಮುಕ್ಕಾಲು ಅಗಲದಲ್ಲಿ. ಕರಾರು 2 ಮಿ.ಮೀ. ಎಂದು ಉದಾರತೆ ತೋರಿಸಿದೆ, ನಿಜ. ಆದರೆ ಗುತ್ತಿಗೆ ಕಂಪನಿಯ ಲೆಕ್ಕಪುಸ್ತಕದಲ್ಲಿ ಪ್ರತಿ ಟೈರೂ ಒಂದು ಪ್ರತ್ಯೇಕ ಸಾಲು. ಎರಡು ಸಾಲುಗಳ ನಡುವಿನ ವ್ಯತ್ಯಾಸಕ್ಕೆ ಅಲ್ಲಿ ಕಲಮೇ ಇಲ್ಲ. ತೀರ್ಮಾನಿಸುವವರು ಗುತ್ತಿಗೆ ಕಂಪನಿ, ಬಾಡಿಗೆ ಕಟ್ಟುವವರು ಉದ್ಯೋಗದಾತರು, ಮಳೆಯಲ್ಲಿ ಓಡಿಸುವವನು ನೌಕರ. ಟ್ರೆಡ್ ಮಿತಿಗಿಂತ ಕಡಿಮೆಯಾದರೆ ಟೈರೊಂದಕ್ಕೆ 2,500 ಪೌಂಡಿನವರೆಗೆ ದಂಡ, ಲೈಸೆನ್ಸಿನ ಮೇಲೆ 3 ಅಂಕ ಬೀಳುವುದು ಓಡಿಸುವವನಿಗೆ. ಓಡಿಸಲು ಬಿಟ್ಟವರೂ ಕಾನೂನಿನಲ್ಲಿ ಹೊಣೆಗಾರರು. ಜೋಡಿ ತಪ್ಪಿದ್ದಕ್ಕೆ ಮಾತ್ರ ಯಾರಿಗೂ ಹೊಣೆಯಿಲ್ಲ.

ಹಿಂದೆ ಈ ಸಮಸ್ಯೆ ಇಷ್ಟಿರಲಿಲ್ಲ. ಡಿಕ್ಕಿಯಲ್ಲಿ ಅದೇ ಅಳತೆಯ, ಅದೇ ತಯಾರಿಕೆಯ ಐದನೆಯ ಚಕ್ರ ಇರುತ್ತಿತ್ತು. ನಮ್ಮ ಹಳ್ಳಿಯ ಮೆಕ್ಯಾನಿಕ್ಕೂ ಅದನ್ನು ಸ್ಟೆಪ್ನಿ ಎನ್ನುತ್ತಾನೆ. ವೇಲ್ಸ್‌ನ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಡೇವಿಸ್ ಸಹೋದರರು ತಯಾರಿಸಿದ ಹೆಚ್ಚುವರಿ ಚಕ್ರದ ಹೆಸರು ಅದು. ಬ್ರಿಟನ್ನಿನಲ್ಲಿ ಮರೆತೇ ಹೋದ ಆ ಪದ ನಮ್ಮಲ್ಲಿ ಉಳಿದಿದೆ. ಇಂದಿನ ಅನೇಕ ವೇಗದ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ರಂಧ್ರ ಮುಚ್ಚುವ ಅಂಟಿನ ಡಬ್ಬಿ ಇರುತ್ತದೆ. ಅಂಟು ಕೈಕೊಟ್ಟರೆ ಹತ್ತಿರದ ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದು.

ಅರ್ಧ ಸವೆದ ಟೈರನ್ನು ಎಸೆಯುವುದು ಪೋಲಲ್ಲವೇ ಎಂದು ನೀವು ಕೇಳಬಹುದು. ಪೋಲೇ. ಅದನ್ನು ತಪ್ಪಿಸುವ ದಾರಿ ಎಸೆಯುವ ದಿನ ಇಲ್ಲ, ಅದಕ್ಕೆ ಬಹಳ ಮುಂಚೆ ಇದೆ. ಮುಂದಿನ ಹಿಂದಿನ ಟೈರುಗಳನ್ನು ಕೆಲವು ಸಾವಿರ ಕಿ.ಮೀ.ಗೊಮ್ಮೆ ಅದಲುಬದಲು ಮಾಡಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ, ಒಟ್ಟಿಗೆ ಬದಲಾಗುತ್ತವೆ. ಅಮೆರಿಕದಲ್ಲಿ ಒಂದೇ ಟೈರು ಹಾಳಾದಾಗ ಹೊಸದನ್ನು ಯಂತ್ರದಲ್ಲಿ ಹೆರೆದು ಉಳಿದ ಮೂರಕ್ಕೆ ಸಮ ಮಾಡಿಕೊಡುವ ವ್ಯಾಪಾರಿಗಳೂ ಇದ್ದಾರೆ. ನಾನು ನೋಡಿದ ಕರಾರಿನಲ್ಲಿ ಅದಲುಬದಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮ ದೇಶದಲ್ಲಿ 2022ರ ಅಧಿಸೂಚನೆಯ ಮೂಲಕ ಉರುಳು ಪ್ರತಿರೋಧ, ಒದ್ದೆ ಹಿಡಿತ, ಶಬ್ದಗಳಿಗೆ ಎಐಎಸ್-142 ಮಾನಕ ಬಂದಿದೆ. ಬೆಂಗಳೂರಿನ ಕಂಪನಿಗಳೂ ನೌಕರರಿಗೆ ಗುತ್ತಿಗೆ ಕಾರು ಕೊಡುತ್ತಿವೆ. ಯುರೋಪಿನ ಲೇಬಲ್ಲಿನ ಕೊರತೆಗಳು ಇಲ್ಲಿಗೂ ಹಾಗೆಯೇ ಆಮದಾಗದಿರಲಿ ಎನ್ನುವವರು ಈಗಲೇ ಕೇಳಬೇಕು.

ಶಿಕ್ಷಕರು ತರಗತಿಯಲ್ಲಿ ಇದನ್ನೆಲ್ಲ ಹೇಳಲು ಕಾರು ಬೇಕಿಲ್ಲ. ಜಾತ್ರೆಯಲ್ಲಿ ಸಿಗುವ ಆಟಿಕೆ ಕಾರು ಮತ್ತು ಒಂದು ಮೀಟರ್ ಉದ್ದದ ನುಣುಪು ಹಲಗೆ ಸಾಕು. ಮೊದಲು ಮುಂದಿನ ಎರಡು ಚಕ್ರಗಳು ತಿರುಗದಂತೆ ಟೇಪು ಅಂಟಿಸಿ ಇಳಿಜಾರಿನಲ್ಲಿ ಬಿಡಿ. ಕಾರು ನೇರವಾಗಿ ಜಾರುತ್ತದೆ. ಟೇಪನ್ನು ಹಿಂದಿನ ಚಕ್ರಗಳಿಗೆ ಬದಲಿಸಿ ಬಿಡಿ; ಅರ್ಧ ದಾರಿಗೇ ತಿರುಗಿ ಹಿಂಭಾಗ ಮುಂದಾಗಿ ಇಳಿಯುತ್ತದೆ. ಜಾರುವ ಚಕ್ರಕ್ಕೆ ಎಡಬಲಗಳ ಭೇದವಿಲ್ಲ, ಉರುಳುವ ಚಕ್ರ ಮಾತ್ರ ಪಕ್ಕಕ್ಕೆ ತಡೆಯೊಡ್ಡುತ್ತದೆ. ಹಲಗೆಯ ಕೋನ ಹೆಚ್ಚಿಸಿ ಕಡಿಮೆ ಮಾಡಿ ಯಾವ ಕೋನದಿಂದ ತಿರುಗಲು ಶುರುವಾಗುತ್ತದೆ ಎಂದು ಮಕ್ಕಳೇ ಗುರುತಿಸಲಿ. ಅದಾದ ಮೇಲೆ ಕರಿಹಲಗೆಯ ಮೇಲೆ ಎರಡು ಅಳತೆ ಬರೆಯಿರಿ. ಬಿಎಂಡಬ್ಲ್ಯು ಎಂ3 ಕಾರಿನ 2000ದಿಂದ 2006ರವರೆಗಿನ ಮಾದರಿಯಲ್ಲಿ ಮುಂದೆ 225/45 ಆರ್ 18, ಹಿಂದೆ 255/40 ಆರ್ 18 ಟೈರುಗಳಿದ್ದವು. ನೋಡಲು ಜೋಡಿ ತಪ್ಪಿದಂತಿರುವ ಈ ಎರಡರ ವ್ಯಾಸ ಲೆಕ್ಕ ಹಾಕಿಸಿ: 659.7 ಮತ್ತು 661.2 ಮಿ.ಮೀ. ಅಗಲವಾದದ್ದನ್ನು ಹಿಂದೆಯೇ ಏಕೆ ಇಟ್ಟರು ಎಂದು ಆಮೇಲೆ ಕೇಳಿ.